50 ಲಕ್ಷದೊಳಗೆ ಮುಂಬೈ ಸುತ್ತ ಸ್ವಂತ ಮನೆ: ಡೊಂಬಿವಲಿ, ಬದ್ಲಾಪುರ, ಉಲ್ವೆ, ವಿರಾರ್... ಎಲ್ಲಿ ತಗೊಳ್ಳೋದು?

ಕೋಟೇಶ್ವರದವಳು

ಎಲ್ಲರಿಗೂ ನಮಸ್ಕಾರ. ನಾವು ಭಾಂಡುಪ್‌ನಲ್ಲಿ ಬಾಡಿಗೆಗೆ ಇದ್ದೇವೆ. 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತಿದ್ದ ಹಾಗೆ ಬಾಡಿಗೆ ಏರುತ್ತದೆ, ಬ್ರೋಕರ್ ಮತ್ತೆ ಕೈ ಚಾಚುತ್ತಾನೆ. ಈ ಸಲ ಸ್ವಂತದ್ದೇ ನೋಡೋಣ ಅಂತ ಹೊರಟಿದ್ದೇವೆ.

ಗಂಡನ ಆಫೀಸು ಲೋವರ್ ಪರೇಲ್, ನನ್ನದು ಐರೋಲಿ. ಮಗಳು ಮುಂದಿನ ವರ್ಷ ಒಂದನೇ ಕ್ಲಾಸಿಗೆ. ಅತ್ತೆ ಮಳೆಗಾಲ ಕಳೆದ ಮೇಲೆ ಊರಿಂದ ಬಂದು ಕೆಲವು ತಿಂಗಳು ನಮ್ಮ ಜೊತೆ ಇರುತ್ತಾರೆ. ಹಾಗಾಗಿ ಎರಡು ಬೆಡ್‌ರೂಮ್ ಸಿಕ್ಕರೆ ಒಳ್ಳೆಯದು. ಬಜೆಟ್ 50 ಲಕ್ಷ. ತೀರಾ ಎಳೆದರೆ 55.

ಬ್ರೋಕರ್‌ಗಳು ತೋರಿಸುತ್ತಿರೋದು ಡೊಂಬಿವಲಿ, ಬದ್ಲಾಪುರ, ಉಲ್ವೆ, ತಲೋಜಾ, ವಿರಾರ್. ಎಲ್ಲರದ್ದೂ ಒಂದೇ ಪಾಠ: "ಮೇಡಂ, ಎರಡು ವರ್ಷದಲ್ಲಿ ಡಬಲ್." ಅಲ್ಲೇ ಇದ್ದು ಗೊತ್ತಿರೋರು ಹೇಳಿ.

ಡೊಂಬಿವಲಿ ಈಸ್ಟ್

ಇಬ್ಬರ ಆಫೀಸೂ ಎಲ್ಲಿ ಅಂತ ಬರೆದಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ. ವಿರಾರ್ ಬಿಟ್ಟುಬಿಡಿ. ನಿಮ್ಮವರಿಗೆ ವೆಸ್ಟರ್ನ್ ಲೈನ್ ನೇರ ಸಿಗುತ್ತದೆ, ಸರಿ. ನೀವು ಮಾತ್ರ ದಾದರ್‌ನಲ್ಲಿ ಇಳಿದು ಸೆಂಟ್ರಲ್ ಹಿಡಿದು, ಠಾಣೆಯಲ್ಲಿ ಮತ್ತೆ ಬದಲಿಸಿ ಐರೋಲಿಗೆ ಹೋಗಬೇಕು. ದಿನಾ ಆಗೋ ಮಾತಲ್ಲ.

ನಿಮ್ಮಿಬ್ಬರಿಗೂ ಸೇರಿ ಲೆಕ್ಕಕ್ಕೆ ಬರೋ ಸ್ಟೇಷನ್ ಠಾಣೆ. ಅಲ್ಲಿ ನವಿ ಮುಂಬೈ ಕಡೆಗೆ ಹೋಗೋ ಟ್ರಾನ್ಸ್‌ಹಾರ್ಬರ್ ಲೋಕಲ್ ಹತ್ತಿದರೆ ದಿಘಾ ಗಾಂವ್, ಅದರ ಮುಂದಿನದೇ ಐರೋಲಿ. ನಿಮ್ಮವರು ಫಾಸ್ಟ್ ಲೋಕಲ್‌ನಲ್ಲಿ ದಾದರ್‌ವರೆಗೆ ಹೋಗಿ, ಎಲ್ಲ ಕಡೆ ನಿಲ್ಲೋ ಸ್ಲೋ ಹಿಡಿದು ಕರಿ ರೋಡ್‌ನಲ್ಲಿ ಇಳಿದರೆ ನಡೆಯೋ ದೂರ. ಠಾಣೆಯಲ್ಲಿ ಮಾತ್ರ ಈ ದುಡ್ಡಿಗೆ ಎರಡು ಬೆಡ್‌ರೂಮ್ ಸಿಗೋದಿಲ್ಲ, ಸುಮ್ನೆ ನೋಡಿ ಬೇಜಾರು ಮಾಡ್ಕೋಬೇಡಿ. ಹಾಗಾಗಿ ಅದರಾಚೆ: ಡೊಂಬಿವಲಿ, ಕಲ್ಯಾಣ್, ಅಂಬರ್‌ನಾಥ್, ಬದ್ಲಾಪುರ. ಸೆಂಟ್ರಲ್ ಲೈನಿನ ಮುಂಬೈ ಕೊನೆಯಾದ ಸಿಎಸ್‌ಎಂಟಿಯಿಂದ ಡೊಂಬಿವಲಿ 48 ಕಿ.ಮೀ., ಕಲ್ಯಾಣ್ 54, ಬದ್ಲಾಪುರ 68. ಮುಂದೆ ಹೋದಷ್ಟೂ ಮನೆ ದೊಡ್ಡದಾಗುತ್ತದೆ, ಸಂಜೆ ಚಿಕ್ಕದಾಗುತ್ತದೆ.

ನಾನು ಇಲ್ಲೇ ಇರೋನು, ಆದರೂ ಮುಚ್ಚಿಡೋದಿಲ್ಲ. ಬೆಳಿಗ್ಗೆ 8ರ ಸುಮಾರಿಗೆ ನಮ್ಮ ಪ್ಲಾಟ್‌ಫಾರ್ಮ್ ನರಕ. ಕರ್ಜತ್, ಬದ್ಲಾಪುರದ ಗಾಡಿಗಳು ಇಲ್ಲಿಗೆ ಬರುವಾಗಲೇ ತುಂಬಿರುತ್ತವೆ. ಬಾಗಿಲಲ್ಲಿ ನಿಂತವರು ಒಳಗೆ ಬಿಡೋದಿಲ್ಲ, ಒಳಗಿದ್ದವರು "ಆಗೇ ಚಲೋ" ಅಂತ ಬೈತಾರೆ. 2025ರ ಜೂನ್‌ನಲ್ಲಿ ಮುಂಬ್ರಾ ಹತ್ತಿರ ಓಡೋ ಗಾಡಿಯಿಂದ ಜನ ಬಿದ್ದು ಸತ್ತಿದ್ದು ಇದೇ ಲೈನಿನಲ್ಲಿ. ಡೊಂಬಿವಲಿಯಿಂದಲೇ ಹೊರಡೋ ಲೋಕಲ್‌ಗಳಿವೆ. ಅವುಗಳ ಟೈಮು ನಿಮಗೆ ಹೊಂದುತ್ತದಾ ಅಂತ ಮೊದಲು ನೋಡಿ.

ಉಲ್ಹಾಸ್ ತೀರ

ಬದ್ಲಾಪುರದವನು ನಾನು. ಗಾಡಿ ಇಲ್ಲಿಂದಲೇ ಹೊರಟರೆ ನಮಗೆ ಕಿಟಕಿ ಸೀಟು. ಡೊಂಬಿವಲಿಯವರು ನೇತಾಡಿಕೊಂಡು ಹೋಗುವಾಗ ನಾನು ಒಂದು ನಿದ್ದೆ ಮುಗಿಸಿರುತ್ತೇನೆ. 😄 ನಿಮ್ಮ ಬಜೆಟ್‌ಗೆ ಲಿಫ್ಟ್ ಇರೋ ಹೊಸ ಬಿಲ್ಡಿಂಗಿನಲ್ಲಿ ಎರಡು ಬೆಡ್‌ರೂಮ್ ಸಿಗೋದು ಈ ಕಡೆಯೇ. ಬೆಟ್ಟ ಕಾಣುತ್ತದೆ, ಮಳೆ ಬಂದರೆ ಊರಿನ ನೆನಪಾಗುತ್ತದೆ.

ಒಂದು ಎಚ್ಚರಿಕೆ. ಉಲ್ಹಾಸ್ ನದಿ ಹತ್ತಿರ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡಬೇಡಿ. 2005ರ ಜುಲೈ 26ರ ಪ್ರವಾಹ ಎಲ್ಲರಿಗೂ ನೆನಪಿದೆ. 2019ರ ಜುಲೈನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ಮಧ್ಯೆ ಸಿಕ್ಕಿಹಾಕಿಕೊಂಡಿದ್ದು ಬದ್ಲಾಪುರ ಮತ್ತು ವಾಂಗಣಿ ನಡುವೆ, ಸಾವಿರದಷ್ಟು ಜನರನ್ನು ದೋಣಿಯಲ್ಲಿ ಇಳಿಸಿದರು. ಮನೆ ನೋಡೋಕೆ ಹೋದಾಗ ಬ್ರೋಕರ್‌ನ ಕೇಳಬೇಡಿ. ಕೆಳಗಿನ ಕಿರಾಣಿ ಅಂಗಡಿಯವನನ್ನು ಕೇಳಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ. ಮೀಟರ್ ರೂಮಿನ ಗೋಡೆ ನೋಡಿ. ಕೆಳಗೆ ಹೊಸ ಬಣ್ಣ, ಮೇಲೆ ಹಳೆ ಬಣ್ಣ, ನಡುವೆ ನೇರ ಗೆರೆ ಇದ್ದರೆ ಅರ್ಥ ಆಗುತ್ತದಲ್ವಾ? ಎಲೆಕ್ಟ್ರಿಕ್ ಮೀಟರ್‌ಗಳನ್ನು ಎದೆ ಎತ್ತರಕ್ಕಿಂತ ಮೇಲೆ ಏರಿಸಿದ್ದರೂ ಅದೇ ಕಥೆ.

ಬಾಡಿಗೆಯೇ ಸುಖ

ಯಾಕೆ ತಗೋಬೇಕು ಅಂತ? ಆ ದುಡ್ಡು ಮ್ಯೂಚುವಲ್ ಫಂಡ್‌ನಲ್ಲಿ ಹಾಕಿ ಭಾಂಡುಪ್‌ನಲ್ಲೇ ಇರಿ. ಆಫೀಸೂ ಹತ್ತಿರ, ತಲೆನೋವೂ ಇಲ್ಲ.

ಕೋಟೇಶ್ವರದವಳು

ಲೆಕ್ಕ ನಿಮ್ಮದು ಸರಿ ಇರಬಹುದು. ಆದರೆ ಮಗಳ ಸ್ಕೂಲು ಮೂರು ವರ್ಷಕ್ಕೊಮ್ಮೆ ಬದಲಿಸೋಕೆ ಆಗೋದಿಲ್ಲ. ಓನರ್ ಮಗನಿಗೆ ಮದುವೆ ಅಂತ ಹಿಂದಿನ ಮನೆ ಖಾಲಿ ಮಾಡಿಸಿದರು, ಪರೀಕ್ಷೆ ತಿಂಗಳಲ್ಲಿ.

ಲೆಕ್ಕದ ಮಾಸ್ತರ್

ಏರಿಯಾ ಆಮೇಲೆ. ಮೊದಲು ಬಜೆಟ್ ಸರಿ ಮಾಡಿಕೊಳ್ಳಿ. ಕೈಯಲ್ಲಿ ಒಟ್ಟು 50 ಲಕ್ಷದ ತಾಕತ್ತು ಇದ್ದರೆ ನೀವು ನೋಡಬೇಕಾದ್ದು 45–46 ಲಕ್ಷದ ಮನೆ.

ಠಾಣೆ, ಕಲ್ಯಾಣ್–ಡೊಂಬಿವಲಿ, ನವಿ ಮುಂಬೈ ಕಡೆ ಸ್ಟ್ಯಾಂಪ್ ಡ್ಯೂಟಿ ಶೇ. 7. ಮುಂಬೈ ಒಳಗೆ ಶೇ. 6. ಹೆಂಗಸರ ಹೆಸರಲ್ಲಿ ಮಾತ್ರ ಕೊಂಡರೆ ಶೇ. 1 ಕಡಿಮೆ. ಗಂಡ ಹೆಂಡತಿ ಜಂಟಿಯಾಗಿ ಕೊಂಡರೆ ಆ ರಿಯಾಯಿತಿ ಇಲ್ಲ. ಇದರ ಮೇಲೆ ರಿಜಿಸ್ಟ್ರೇಷನ್, 30 ಲಕ್ಷ ದಾಟಿದ ಮನೆಗೆ 30,000 ರೂ. ಡ್ಯೂಟಿ ಲೆಕ್ಕ ಹಾಕೋದು ನಿಮ್ಮ ಬೆಲೆ, ಸರ್ಕಾರದ ರೆಡಿ ರೆಕನರ್ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ.

46 ಲಕ್ಷದ ರೀಸೇಲ್ ಮನೆ ನಿಮ್ಮೊಬ್ಬರ ಹೆಸರಲ್ಲಿ ಅಂದುಕೊಳ್ಳಿ. ಡ್ಯೂಟಿ 2.76 ಲಕ್ಷ. 30ರಿಂದ 75 ಲಕ್ಷದವರೆಗಿನ ಸಾಲದಲ್ಲಿ ಬ್ಯಾಂಕ್ ಕೊಡೋದು ಮನೆ ಬೆಲೆಯ ಶೇ. 80 ಮಾತ್ರ, ಡ್ಯೂಟಿ ಅದರಲ್ಲಿ ಸೇರೋದಿಲ್ಲ. ಅಂದರೆ ಸಾಲ 36.8 ಲಕ್ಷ. ಉಳಿದ 9.2 ಲಕ್ಷ, ಡ್ಯೂಟಿ, ರಿಜಿಸ್ಟ್ರೇಷನ್, ಬ್ರೋಕರ್ ಎಲ್ಲ ಸೇರಿ 13 ಲಕ್ಷದ ಹತ್ತಿರ ನಿಮ್ಮ ಜೇಬಿಂದಲೇ ಬರಬೇಕು. ಬಡ್ಡಿ ಶೇ. 8.5 ಅಂತ ಹಿಡಿದರೆ 20 ವರ್ಷಕ್ಕೆ ಇಎಂಐ ಸುಮಾರು 32,000 ರೂ. ನಿಮ್ಮವರು ಓನರ್ ಆಗಿರದಿದ್ದರೆ ಸಾಲದಲ್ಲಿ ಸೇರಬಹುದು, ಆದರೆ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಅವರಿಗೆ ಸಿಗೋದಿಲ್ಲ. ಎರಡೂ ತೂಗಿ ನೋಡಿ.

ಇನ್ನೂ ಕಟ್ಟುತ್ತಿರೋ ಮನೆಗೆ ಜಿಎಸ್‌ಟಿ ಉಂಟು. ಕಾರ್ಪೆಟ್ (ಮನೆಯೊಳಗೆ ಬಳಸೋ ಜಾಗ) 60 ಚದರ ಮೀಟರ್ ಒಳಗೆ, ಬೆಲೆ 45 ಲಕ್ಷದ ಒಳಗೆ ಇದ್ದರೆ ಶೇ. 1. ಎರಡರಲ್ಲಿ ಒಂದು ಮೀರಿದರೂ ಶೇ. 5. 44 ಲಕ್ಷದ ಮನೆಗೆ 44,000 ರೂ., 46 ಲಕ್ಷದ ಮನೆಗೆ 2.3 ಲಕ್ಷ! ಈ 45ರಲ್ಲಿ ಪಾರ್ಕಿಂಗ್, ಡೆವಲಪ್‌ಮೆಂಟ್ ಚಾರ್ಜ್ ಎಲ್ಲ ಸೇರಿರಬೇಕು. "42ಕ್ಕೆ ಕೊಡ್ತೀನಿ" ಅಂದು ಮೇಲೆ 4 ಲಕ್ಷ ಸೇರಿಸೋರು ಇದ್ದಾರೆ. ಓಸಿ (ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡೋ ಪತ್ರ) ಬಂದ ಮನೆ, ರೀಸೇಲ್ ಮನೆ ಆದರೆ ಜಿಎಸ್‌ಟಿ ಇಲ್ಲ.

ಉಲ್ವೆಕರ್

ನಮ್ಮ ಉಲ್ವೆ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೀತೀನಿ.

ಮುಂಬೈಗೆ ಸಮುದ್ರದ ಮೇಲೆ ಹೋಗೋ ಅಟಲ್ ಸೇತು 2024ರ ಜನವರಿಯಲ್ಲಿ ಶುರುವಾಯಿತು. ಅದೇ ತಿಂಗಳು ಲೋಕಲ್ ಉರಣ್‌ವರೆಗೆ ಹೋಯಿತು. ನವಿ ಮುಂಬೈ ಏರ್‌ಪೋರ್ಟ್ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಈ ಮೂರನ್ನೂ ಇಲ್ಲಿನ ಬಿಲ್ಡರ್‌ಗಳು ಹತ್ತು ವರ್ಷದಿಂದ ಬೋರ್ಡಿನಲ್ಲಿ ಹಾಕಿ ಮಾರುತ್ತಿದ್ದರು. ಅಂದರೆ ಅವುಗಳ ಬೆಲೆ ಈಗಾಗಲೇ ರೇಟಿನಲ್ಲಿ ಸೇರಿಹೋಗಿದೆ. ನಿಮ್ಮ ಬಜೆಟ್‌ಗೆ ಇಲ್ಲಿ ಒಂದು ಬೆಡ್‌ರೂಮ್. ಸೇತುವೆ ಮೇಲೆ ಕಾರಿಗೆ ಒಂದು ಕಡೆಗೆ 250 ರೂ. ಟೋಲ್, ದಿನಾ ಆಫೀಸಿಗೆ ಅದರ ಮೇಲೆ ಹೋಗೋರು ನಮ್ಮಂಥವರಲ್ಲ. ಲೋಕಲ್‌ನಲ್ಲಿ ನೀವು ನೆರೂಲ್‌ಗೆ ಹೋಗಿ ಟ್ರಾನ್ಸ್‌ಹಾರ್ಬರ್ ಹಿಡಿದರೆ ಐರೋಲಿ ಆರಾಮ. ನಿಮ್ಮವರಿಗೆ ಹಾರ್ಬರ್ ಲೈನ್, ಕುರ್ಲಾದಲ್ಲಿ ಬದಲಾವಣೆ, ಸ್ವಲ್ಪ ಕಷ್ಟ. ನಮ್ಮ ಲೈನಿನಲ್ಲಿ ಗಾಡಿ ಕಡಿಮೆ, ಒಂದು ತಪ್ಪಿದರೆ ತುಂಬ ಹೊತ್ತು ಕಾಯಬೇಕು.

ಇಲ್ಲಿ ಮೋಸ ಹೋಗೋದು ಎಲ್ಲಿ ಅಂದರೆ ಗಾಂವ್‌ಠಾಣ್, ಅಂದರೆ ಹಳೆ ಹಳ್ಳಿ ಜಾಗದ ಬಿಲ್ಡಿಂಗ್‌ಗಳಲ್ಲಿ. ಪಕ್ಕದ ಸೆಕ್ಟರ್‌ಗಿಂತ ಎಷ್ಟೋ ಅಗ್ಗ, ಮಾರ್ಬಲ್ ನೆಲ, ಲಿಫ್ಟ್, ಎಲ್ಲ ಇರುತ್ತದೆ. ಕಾಗದ ಕೇಳಿದರೆ ನೋಟರಿ ಮಾಡಿದ ಒಂದು ಸ್ಟ್ಯಾಂಪ್ ಪೇಪರ್. ದೊಡ್ಡ ಬ್ಯಾಂಕುಗಳು ಅದಕ್ಕೆ ಸಾಲ ಕೊಡೋದಿಲ್ಲ. ಸರಿಯಾದ ಪ್ಲಾಟ್‌ಗಳು ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ ಹಂಚಿದ್ದು. ತುಂಬ ಬಿಲ್ಡಿಂಗ್‌ಗಳು ಶೇ. 12.5 ಯೋಜನೆಯ ಪ್ಲಾಟ್‌ಗಳ ಮೇಲಿವೆ, ಅಂದರೆ ಜಮೀನು ಕಳೆದುಕೊಂಡ ರೈತರಿಗೆ ಸಿಡ್ಕೋ ವಾಪಸು ಕೊಟ್ಟ ಪ್ಲಾಟ್. ಅಲ್ಲಿ ಸಿಡ್ಕೋ, ಮೂಲ ರೈತ, ಬಿಲ್ಡರ್ ಮೂವರ ಅಗ್ರಿಮೆಂಟ್ ಆಗಿದೆಯಾ ನೋಡಿ. ನೆಲ ಸಾಮಾನ್ಯವಾಗಿ ನಿಮ್ಮದಾಗೋದಿಲ್ಲ, ಲೀಸ್ ಮೇಲಿರುತ್ತದೆ. ಮಾರುವಾಗ ಸಿಡ್ಕೋಗೆ ಟ್ರಾನ್ಸ್‌ಫರ್ ಚಾರ್ಜ್ ಕಟ್ಟಬೇಕು.

ತಲೋಜಾ ಫೇಸ್ 2

ತಲೋಜಾ ಅಗ್ಗ ಇರೋದಕ್ಕೆ ಕಾರಣ ಇದೆ. 2017ರಲ್ಲಿ ನೀಲಿ ನಾಯಿಗಳ ಫೋಟೋ ನೋಡಿದ್ದಿರಾ? ನಮ್ಮ ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ಪ್ರದೇಶ) ಬಣ್ಣದ ನೀರಲ್ಲಿ ಇಳಿದ ನಾಯಿಗಳು ಅವು. ಮೆಟ್ರೋ 2023ರ ನವೆಂಬರ್‌ನಲ್ಲಿ ಬೇಲಾಪುರದಿಂದ ಪೇಂಧರ್‌ವರೆಗೆ ಬಂತು, ಅದರಿಂದ ಓಡಾಟ ಸುಲಭವಾಗಿದೆ. ವಾಸನೆ ಹಾಗೇ ಇದೆ. ಹಗಲು ಬಂದು ಮನೆ ನೋಡಿದರೆ ಗೊತ್ತಾಗೋದಿಲ್ಲ. ರಾತ್ರಿ 11ರ ಮೇಲೆ ಬಂದು ಬಾಲ್ಕನಿಯಲ್ಲಿ ನಿಂತು ನೋಡಿ.

ಡೊಂಬಿವಲಿ ಈಸ್ಟ್

ನಮ್ಮ ಎಂಐಡಿಸಿಯೂ ಸಾಚಾ ಅಲ್ಲ. 2016ರಲ್ಲಿ ಒಂದು, 2024ರಲ್ಲಿ ಒಂದು, ಎರಡೂ ಮೇ ತಿಂಗಳಲ್ಲಿ ಕೆಮಿಕಲ್ ಫ್ಯಾಕ್ಟರಿ ಸ್ಫೋಟ. ದೂರದ ಮನೆಗಳ ಕಿಟಕಿ ಗಾಜೂ ಪುಡಿಯಾದವು. ಡೊಂಬಿವಲಿ ನೋಡೋದಾದರೆ ಎಂಐಡಿಸಿ ಬೇಲಿಗೆ ಅಂಟಿಕೊಂಡ ಸೊಸೈಟಿ ಬೇಡ.

ವಿರಾರ್ ಫಾಸ್ಟ್

ಎಲ್ಲರೂ ಸೇರಿ ವಿರಾರ್‌ನ ತೆಗೆದೇಬಿಟ್ಟಿರಿ. ಇವರಿಗೆ ಆಗೋದಿಲ್ಲ, ಒಪ್ಪಿದೆ. ಅಂಧೇರಿ, ಬೋರಿವಲಿ ಕಡೆ ಕೆಲಸ ಇರೋರು ಓದುತ್ತಿದ್ದರೆ ನಿಮಗಾಗಿ ಬರೀತೀನಿ.

ವಿರಾರ್ ವೆಸ್ಟ್‌ನ ಬೋಳಿಂಜ್‌ನಲ್ಲಿ ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾ ಕಟ್ಟಿದ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಲಾಟರಿಯಲ್ಲಿ ಬಂದವರೂ ಬೇಡ ಅಂದಿದ್ದರು. ಕಾರಣ ನೀರು. ಸೂರ್ಯಾ ಯೋಜನೆಯ ನೀರು ಬಂದ ಮೇಲೆ ಮೊದಲು ಬಂದವರಿಗೆ ಮೊದಲು ಅಂತ ಮಾರಿದರು. ದೊಡ್ಡ ಕ್ಲಬ್‌ಹೌಸ್ ಇಲ್ಲ, ಆದರೆ ಕಾಗದ ಗಟ್ಟಿ. ಮನೆಯ ವರ್ಷದ ಆದಾಯ 9 ಲಕ್ಷದೊಳಗೆ, ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದು, ದೇಶದಲ್ಲಿ ಬೇರೆ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ 2.0ರಲ್ಲಿ ಬಡ್ಡಿ ಸಬ್ಸಿಡಿ 1.8 ಲಕ್ಷದವರೆಗೆ ಸಿಗುತ್ತದೆ, ಅದನ್ನೂ ಕೇಳಿ.

ನಾಲಾಸೋಪಾರಾದಲ್ಲಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಈಸ್ಟ್‌ನಲ್ಲಿ ಡಂಪಿಂಗ್ ಗ್ರೌಂಡ್‌ಗೆ ಅಂತ ಮೀಸಲಿಟ್ಟ ಜಾಗದಲ್ಲಿ 41 ಬಿಲ್ಡಿಂಗ್ ಎದ್ದಿದ್ದವು. ಹೈಕೋರ್ಟ್ ಆದೇಶದಂತೆ 2025ರ ಆರಂಭದ ಹೊತ್ತಿಗೆ ಎಲ್ಲ ಕೆಡವಿದರು. ಒಳಗಿದ್ದವರು ದುಡ್ಡು ಕೊಟ್ಟು ಕೊಂಡವರೇ. ಅದೇ ವರ್ಷ ಆಗಸ್ಟ್‌ನಲ್ಲಿ ವಿರಾರ್‌ನಲ್ಲಿ ಅಕ್ರಮ ಬಿಲ್ಡಿಂಗ್ ಕುಸಿದು 17 ಜನ ಹೋದರು. ಅದೇನು ಮುದಿ ಬಿಲ್ಡಿಂಗ್ ಆಗಿರಲಿಲ್ಲ.

ಕಲಬುರಗಿ ಟು ಕಲ್ಯಾಣ್

"ರೇರಾ ನಂಬರ್ (ಸರ್ಕಾರದ ಹತ್ತಿರ ಪ್ರಾಜೆಕ್ಟ್ ನೋಂದಣಿ) ಇದೆ, ಮತ್ತೇನು ಬೇಕು" ಅನ್ನೋರಿಗೆ ಒಂದು ಮಾತು. ನಮ್ಮ ಕಲ್ಯಾಣ್–ಡೊಂಬಿವಲಿಯಲ್ಲಿ 65 ಬಿಲ್ಡಿಂಗ್ ಪ್ರಕರಣ ಕೇಳಿರಬಹುದು. ಪಾಲಿಕೆಯ ಕಟ್ಟಡ ಪರವಾನಗಿಯನ್ನೇ ನಕಲಿ ಮಾಡಿ, ಅದನ್ನು ತೋರಿಸಿ ರೇರಾ ನಂಬರ್ ತಗೊಂಡಿದ್ದರು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಕೆಡವಿ ಅಂದಿತು. ಜನ ಬ್ಯಾಂಕ್ ಸಾಲ ತಗೊಂಡು, ಇಎಂಐ ಕಟ್ಟುತ್ತ ಕೂತಿದ್ದಾರೆ. ಬ್ಯಾಂಕ್ ಸಾಲ ಕೊಟ್ಟಿತು ಅಂದರೆ ಕಾಗದ ಸರಿ ಅಂತ ನಾವು ತಿಳ್ಕೊಂಡಿದ್ದೆವಲ್ಲ, ಅದೂ ಇಲ್ಲಿ ಸುಳ್ಳಾಯಿತು.

ಅದಕ್ಕೇ ಸೀಸಿ (ಕಟ್ಟೋಕೆ ಶುರು ಮಾಡೋ ಅನುಮತಿ), ಓಸಿ ಎರಡರ ನಂಬರ್, ತಾರೀಖು ಬರೆದುಕೊಂಡು ಪಾಲಿಕೆಯ ನಗರ ರಚನಾ ವಿಭಾಗದಲ್ಲೇ ಖುದ್ದಾಗಿ ಕೇಳಬೇಕು. ಅಲ್ಲಿ ಸತಾಯಿಸಿದರೆ ಆರ್‌ಟಿಐ ಹಾಕಿ. 10 ರೂ. ಖರ್ಚು. 2015ರಲ್ಲಿ ಪಾಲಿಕೆಗೆ ಸೇರಿಸಿದ 27 ಹಳ್ಳಿಗಳ ಕಡೆ ನೋಡುತ್ತಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ. ಹೊಸ ಪ್ರಾಜೆಕ್ಟ್ ಆದರೆ, ಅಗ್ರಿಮೆಂಟ್ ರಿಜಿಸ್ಟರ್ ಆಗೋ ಮುಂಚೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಇದು ರೇರಾ ಕಾನೂನು. ಕೇಳಿದರೆ ಎದ್ದು ಬನ್ನಿ.

ಊರಿಗೆ ಹೋಗೋ ಗಾಡಿಯನ್ನೂ ನೋಡ್ರಿ. ನಮಗೆ ಕಲ್ಯಾಣ್ ಯಾಕೆ ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ, ಕಲಬುರಗಿಗೆ ಸೀದಾ. ನಿಮ್ಮ ಅತ್ತೆಯವರಿಗೆ ಊರ ಕಡೆಯ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಠಾಣೆಯಲ್ಲೂ ಪನ್ವೇಲ್‌ನಲ್ಲೂ ನಿಲ್ಲುತ್ತದೆ.

ಕೋಟೇಶ್ವರದವಳು

ತುಂಬ ಉಪಕಾರವಾಯಿತು. ಉಲ್ವೆ, ತಲೋಜಾ, ವಿರಾರ್ ಪಟ್ಟಿಯಿಂದ ಹೊರಗೆ. ಈಗ ಎರಡು ಮನೆ ಮುಂದಿವೆ.

ಒಂದು, ಡೊಂಬಿವಲಿ ಈಸ್ಟ್‌ನಲ್ಲಿ, ಸ್ಟೇಷನ್‌ನಿಂದ ನಡೆದು ಹೋಗಬಹುದು. 2004ರ ಬಿಲ್ಡಿಂಗ್, ನಾಲ್ಕು ಮಾಳಿಗೆ, ನಮ್ಮದು ಎರಡನೆಯದು. ಲಿಫ್ಟ್ ಇಲ್ಲ. ಎರಡು ಬೆಡ್‌ರೂಮ್, ಸಣ್ಣವು. 48 ಕೇಳುತ್ತಿದ್ದಾರೆ. ಇನ್ನೊಂದು, ಕಲ್ಯಾಣ್–ಶೀಲ್ ರೋಡ್‌ನಲ್ಲಿ 20 ಮಾಳಿಗೆಯ ಟವರ್. ಸ್ವಿಮ್ಮಿಂಗ್ ಪೂಲ್ ಎಲ್ಲ ಇದೆ, 2028ಕ್ಕೆ ಪೊಸೆಷನ್. 44 ಅಂದರು, "ಆಲ್ ಇನ್‌ಕ್ಲೂಸಿವ್" ಎಷ್ಟು ಅಂದರೆ 49. ಗಂಡನಿಗೆ ಟವರ್ ಇಷ್ಟ. ಮೋರಿ ವಾಸನೆ ಇಲ್ಲ, ನೆಲ ಮಿಂಚುತ್ತದೆ ಅಂತಾರೆ.

ಲೆಕ್ಕದ ಮಾಸ್ತರ್

49 ಅಂದರೆ ಜಿಎಸ್‌ಟಿ ಶೇ. 5 ಆಯಿತು. ಅದು ಆ 49ರ ಒಳಗಾ, ಹೊರಗಾ ಅಂತ ಬರವಣಿಗೆಯಲ್ಲಿ ಕೇಳಿ. ಜೊತೆಗೆ 2028ರವರೆಗೆ ಭಾಂಡುಪ್ ಬಾಡಿಗೆಯೂ ಹೋಗುತ್ತಿರುತ್ತದೆ, ಬ್ಯಾಂಕಿನ ಬಡ್ಡಿಯೂ ಹೋಗುತ್ತಿರುತ್ತದೆ. ಅದನ್ನು ಕೂಡಿಸಿದರೆ ಟವರ್ ಅಗ್ಗ ಅಲ್ಲ.

ಡೊಂಬಿವಲಿ ಈಸ್ಟ್

ಶೀಲ್ ರೋಡ್‌ನಿಂದ ಸ್ಟೇಷನ್‌ಗೆ ಮೊದಲು ಶೇರ್ ರಿಕ್ಷಾ ಅಥವಾ ಬಸ್. ಮೆಟ್ರೋ 12ರ ಕೆಲಸ ಆ ರಸ್ತೆಯಲ್ಲೇ ನಡೆಯುತ್ತಿದೆ. ಅದು ಮುಗಿದ ಮೇಲೆ ಚೆನ್ನಾಗಿರಬಹುದು. ಮುಗಿಯೋವರೆಗೆ ಅದೇ ಧೂಳಿನಲ್ಲಿ ಮಗಳನ್ನು ಸ್ಕೂಲಿಗೆ ಬಿಡಬೇಕಲ್ಲ. ಇಬ್ಬರೂ ಕೆಲಸಕ್ಕೆ ಹೋಗೋ ಮನೆಗೆ ಸ್ಟೇಷನ್‌ನಿಂದ ನಡೆಯೋ ದೂರ ಅನ್ನೋದು ಸ್ವಿಮ್ಮಿಂಗ್ ಪೂಲ್‌ಗಿಂತ ದೊಡ್ಡ ಸೌಕರ್ಯ. ನನ್ನ ವೋಟು ಹಳೆ ಬಿಲ್ಡಿಂಗ್‌ಗೆ, ಕಾಗದ ಸರಿ ಇದ್ದರೆ. ಇಲ್ಲಿ ಕರ್ನಾಟಕ ಸಂಘವೂ ಇದೆ, ಅತ್ತೆಯವರಿಗೆ ಹೊತ್ತು ಹೋಗುತ್ತದೆ.

ಉಲ್ಹಾಸ್ ತೀರ

ನನ್ನ ವೋಟು ಟವರ್‌ಗೂ ಇಲ್ಲ, ಇದಕ್ಕೂ ಇಲ್ಲ. ಬದ್ಲಾಪುರಕ್ಕೆ ಒಂದು ಸಲ ಬಂದು ನೋಡಿ ಅಂದರೆ ಯಾರೂ ಕೇಳೋದಿಲ್ಲ. 🙂

ಕಲಬುರಗಿ ಟು ಕಲ್ಯಾಣ್

ಹಳೆ ಬಿಲ್ಡಿಂಗ್‌ನಲ್ಲಿ ಮೊದಲು ಓಸಿ. ಅದು ಇದ್ದರೆ ಮುಂದಿನ ಪ್ರಶ್ನೆ ಕನ್ವೇಯನ್ಸ್. ಸೊಸೈಟಿ ರಿಜಿಸ್ಟರ್ ಆದ ನಾಲ್ಕು ತಿಂಗಳಲ್ಲಿ ಬಿಲ್ಡರ್ ನೆಲವನ್ನು ಸೊಸೈಟಿ ಹೆಸರಿಗೆ ಮಾಡಿಕೊಡಬೇಕು ಅಂತ 1963ರ ಮೋಫಾ ಕಾನೂನೇ ಹೇಳುತ್ತದೆ. ಮಾಡಿಕೊಡದ ಬಿಲ್ಡರ್‌ಗಳು ಎಷ್ಟೋ ಜನ. ಆಗ ಸೊಸೈಟಿಯವರು ಉಪನಿಬಂಧಕರ ಹತ್ತಿರ ಡೀಮ್ಡ್ ಕನ್ವೇಯನ್ಸ್‌ಗೆ, ಅಂದರೆ ಬಿಲ್ಡರ್ ಇಲ್ಲದೆಯೇ ನೆಲ ಸೊಸೈಟಿ ಹೆಸರಿಗೆ ಆಗೋದಕ್ಕೆ, ಅರ್ಜಿ ಹಾಕಬಹುದು. ನಾಳೆ ರೀಡೆವಲಪ್‌ಮೆಂಟ್ ಬಂದಾಗ ಇದೇ ಮುಖ್ಯ. ನೆಲ ಯಾರದ್ದೋ ಅವರ ಜೊತೆ ಮಾತುಕತೆ.

2004ರದ್ದು ಅಂದರೆ 15 ವರ್ಷ ದಾಟಿದೆ. ಐದು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಿರಬೇಕು. ರಿಪೋರ್ಟ್ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಟೆರೇಸ್‌ಗೆ ಹತ್ತಿ, ನೀರಿನ ಟ್ಯಾಂಕಿನ ಕೆಳಗಿನ ಬೀಮ್ ನೋಡಿ. ಸಿಮೆಂಟ್ ಉದುರಿ ಕಂಬಿ ತುಕ್ಕು ಹಿಡಿದಿದ್ದರೆ ಅಲ್ಲೇ ಮೊದಲು ಕಾಣುತ್ತದೆ. ಓನರ್ ಹತ್ತಿರ ಶೇರ್ ಸರ್ಟಿಫಿಕೇಟ್, ಮೊದಲ ಅಗ್ರಿಮೆಂಟ್‌ನಿಂದ ಹಿಡಿದು ಪೂರ್ತಿ ಸರಪಳಿ, ಪ್ರತಿಯೊಂದಕ್ಕೂ ಇಂಡೆಕ್ಸ್ ಟೂ (ರಿಜಿಸ್ಟ್ರೇಷನ್ ಆಫೀಸು ಕೊಡೋ ನೋಂದಣಿ ಸಾರಾಂಶ) ಇರಬೇಕು. ಟ್ರಾನ್ಸ್‌ಫರ್ ಪ್ರೀಮಿಯಂ ಅಂತ ಸೊಸೈಟಿ 25,000 ರೂ.ಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. "ಬಿಲ್ಡಿಂಗ್ ಫಂಡ್‌ಗೆ ಡೊನೇಷನ್" ಅಂತ ಕೇಳುತ್ತಾರೆ, ನಗುತ್ತಲೇ ಇಲ್ಲ ಅನ್ನಿ.

ಕೋಟೇಶ್ವರದವಳು

ನಿನ್ನೆ ಸೆಕ್ರೆಟರಿ ಹತ್ತಿರ ಮಾತಾಡಿದೆವು. ಓಸಿ ಇದೆ, ಪ್ರತಿ ಕೊಟ್ಟರು. ಆಡಿಟ್ 2022ರಲ್ಲಿ ಆಗಿದೆ, ಟೆರೇಸ್ ವಾಟರ್‌ಪ್ರೂಫಿಂಗ್ ಮಾಡಿಸಿದ್ದಾರೆ. ಕನ್ವೇಯನ್ಸ್ ಆಗಿಲ್ಲ, ಡೀಮ್ಡ್‌ಗೆ ಅರ್ಜಿ ಹಾಕಿದ್ದೇವೆ ಅಂದರು. ಓನರ್ ಈಗ "ಇನ್ನೊಂದು ಪಾರ್ಟಿ ಬಂದಿದೆ, ಭಾನುವಾರದೊಳಗೆ ಟೋಕನ್ ಕೊಡಿ" ಅಂತ ಅವಸರ ಮಾಡುತ್ತಿದ್ದಾರೆ.

ಲೆಕ್ಕದ ಮಾಸ್ತರ್

ಆ ಇನ್ನೊಂದು ಪಾರ್ಟಿ ಎಲ್ಲ ಮನೆಗೂ ಬರುತ್ತದೆ. ಕನ್ವೇಯನ್ಸ್ ಆಗಿಲ್ಲ ಅನ್ನೋದನ್ನೇ ಹಿಡಿದು 45ರಿಂದ ಮಾತು ಶುರು ಮಾಡಿ, 46ಕ್ಕೆ ಮುಗಿಸಿ. ಅರ್ಜಿಯ ಸ್ವೀಕೃತಿ ಪ್ರತಿ ಕೇಳಿ, ಬರೀ ಬಾಯಿಮಾತು ಬೇಡ. ಟೋಕನ್ ಚೆಕ್‌ನಲ್ಲೇ ಕೊಡಿ. ಬ್ಯಾಂಕ್ ಸಾಲ ಸಿಗದಿದ್ದರೆ ಟೋಕನ್ ವಾಪಸ್ ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ.

ಡೊಂಬಿವಲಿ ಈಸ್ಟ್

ಓಸಿ ಪ್ರತಿ ಕೈಗೆ ಬಂತು ಅಂತ ಸುಮ್ಮನಾಗಬೇಡಿ, 65 ಬಿಲ್ಡಿಂಗ್ ಕಥೆ ಈಗಷ್ಟೇ ಓದಿದಿರಿ. ಕೆಡಿಎಂಸಿಯಲ್ಲಿ (ಕಲ್ಯಾಣ್–ಡೊಂಬಿವಲಿ ಪಾಲಿಕೆ) ನಂಬರ್ ತಾಳೆ ನೋಡಿ. ನೀರು ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಬರುತ್ತದೆ ಅಂತ ಎದುರು ಮನೆಯವರನ್ನು ಕೇಳಿ. ಮತ್ತೆ ಎರಡನೇ ಮಾಳಿಗೆ, ಲಿಫ್ಟ್ ಇಲ್ಲ ಅಂದಿರಿ. ಅತ್ತೆಯವರು ಈಗ ಇಲ್ಲೇ ಇದ್ದರೆ ಒಂದು ಸಲ ಕರೆದುಕೊಂಡು ಹೋಗಿ ಹತ್ತಿಸಿ. ಅವರು ಆಗುತ್ತದೆ ಅಂದರೆ ಆಮೇಲೆ ಟೋಕನ್.

ಕೋಟೇಶ್ವರದವಳು

ಶನಿವಾರ ಕರೆದುಕೊಂಡು ಹೋಗ್ತೀವಿ. ಮಂಡಿ ನೋವಿದೆ ಅವರಿಗೆ. ಆದರೆ ಮೆಟ್ಟಿಲ ವಿಷಯ ಕೇಳಿದ ತಕ್ಷಣ, "ಕೆಳಗೆ ಮೀನಿನ ಮಾರ್ಕೆಟ್ ಎಷ್ಟು ದೂರ ಅಂತ ಮೊದಲು ಹೇಳು" ಅಂದರು. ಅದು ಯಾರಿಗಾದರೂ ಗೊತ್ತಾ?